ಬೇಕೆಂದೇ ಕೆಟ್ಟದಾಗಿ ಹಾಡಿದವಳು

ಹಾಡುವ ಹೆಣ್ಣುಮಕ್ಕಳಿಗೆ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಊಟ ಮಾಡಿಯೇ ಸ್ಟೇಜ್ ಹತ್ತಿ. ಕಾರ್ಯಕ್ರಮ ಮುಗಿದ ಮೇಲೆ ಊಟ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೀವು ಕೊನೆಯ ಹಾಡು ಮುಗಿಸಿ ಇಳಿಯುವ ಹೊತ್ತಿಗೆ ಪಾತ್ರೆಯ ತಳದಲ್ಲಿ ಚಿತ್ರಾನ್ನದ ಕರಿಬೇವು ಮಾತ್ರ ಉಳಿದಿರುತ್ತದೆ. ಕಮಿಟಿಯವರು ಕೈ ತೊಳೆದುಕೊಂಡು, ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ, ಕಲೆಯ ಸೇವೆ ಎಂದರೆ ಏನು ಎಂದು ನಿಮಗೆ ತಿಳಿಸಿ ಹೇಳುತ್ತಿರುತ್ತಾರೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಚಿತ್ರದುರ್ಗದಲ್ಲಿ ನಾವು ನಾಲ್ಕು ಜನ ಹುಡುಗಿಯರು ಸೇರಿ ಒಂದು ಲೇಡೀಸ್ ಆರ್ಕೆಸ್ಟ್ರಾ ಮಾಡಿದ್ದೆವು. ‘ಸೇರಿ ಮಾಡಿದ್ದೆವು’ ಎಂದದ್ದು ನಮ್ಮ ಮರ್ಯಾದೆಗೆ. ನಿಜವಾಗಿ ನಮ್ಮನ್ನು ಸೇರಿಸಿದವನು ಶಾಮಿಯಾನ ಮತ್ತು ಮೈಕ್ ಸೆಟ್ ಬಾಡಿಗೆಗೆ ಕೊಡುವ ಒಬ್ಬ ಸಾಹುಕಾರ. ಬರೀ ಮೈಕ್ ಸೆಟ್ ಎಂದರೆ ಜನ ಚೌಕಾಸಿ ಮಾಡುತ್ತಾರೆ, ಜೊತೆಗೆ ನಾಲ್ಕು ಹುಡುಗಿಯರನ್ನು ನಿಲ್ಲಿಸಿದರೆ ತುಟಿ ಬಿಚ್ಚುವುದಿಲ್ಲ. ಇಷ್ಟೇ ಅವನ ಸಂಗೀತಜ್ಞಾನ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಕರೆದ ಕಡೆಗೆಲ್ಲ ಟೆಂಪೋದಲ್ಲಿ ಹೋಗುತ್ತಿದ್ದೆವು. ಸ್ಪೀಕರ್ ಬಾಕ್ಸ್‌ಗಳಿಗೆ ಕಂಬಳಿ ಸುತ್ತಿ ಹಗ್ಗ ಬಿಗಿಯುತ್ತಿದ್ದರು, ಉಳಿದ ಜಾಗದಲ್ಲಿ ನಾವು. ಒಮ್ಮೆ ಗುಂಡಿಗೆ ಬಿದ್ದು ಟೆಂಪೋ ಎಗರಿದಾಗ ಸಾಹುಕಾರ ಮುಂದಿನ ಸೀಟಿನಿಂದ ತಿರುಗಿ ಬಾಕ್ಸುಗಳ ಆರೋಗ್ಯ ವಿಚಾರಿಸಿದ.

ನನ್ನ ಗಂಟಲು ಕೋರಸ್ಸಿಗೆ ಸಾಕು, ಅದಕ್ಕಿಂತ ಮೇಲೆ ಹೋಗುತ್ತಿರಲಿಲ್ಲ. ನನ್ನ ಕೆಲಸ ಮಾತು. ಹಾಡುಗಳ ನಡುವೆ ಅನೌನ್ಸ್ ಮಾಡುವುದು, ಕಮಿಟಿಯವರ ಜೊತೆ ಜಗಳ ಆಡದೆ ಜಗಳದ ಫಲ ಪಡೆಯುವುದು. ಧರ್ಮಪುರದ ಕಡೆ ಹೋದರೆ ಅರ್ಧ ಜನ ತೆಲುಗು ಹಾಡು ಬೇಕೆನ್ನುವರು, ಇನ್ನರ್ಧ ಜನ ಕನ್ನಡ ಬಿಟ್ಟರೆ ಟ್ಯೂಬ್‌ಲೈಟ್ ಒಡೆಯುತ್ತೇವೆ ಎನ್ನುವರು. ನಾನು ಎರಡೂ ಕಡೆಯ ದೊಡ್ಡ ದನಿಯವರನ್ನು ಸ್ಟೇಜಿನ ಹಿಂದೆ ಕರೆದು, ಪಲ್ಲವಿ ಕನ್ನಡ, ಚರಣ ತೆಲುಗು ಎಂದು ಒಪ್ಪಿಸಿದೆ. ಇಬ್ಬರಿಗೂ ಅರ್ಧರ್ಧ ಹಾಡು ಸಿಕ್ಕಿತು, ಇಬ್ಬರೂ ತಾವೇ ಗೆದ್ದೆವು ಎಂದುಕೊಂಡು ಮನೆಗೆ ಹೋದರು. ಎದುರಿನವನಿಗೆ ಗೆದ್ದೆ ಅನ್ನಿಸಬೇಕು, ಲಾಭ ನಮ್ಮ ಕಡೆ ಉಳಿಯಬೇಕು. ಈ ವಿದ್ಯೆ ನನಗೆ ಯಾವ ಕಾಲೇಜೂ ಕಲಿಸಲಿಲ್ಲ.

ನಿಜವಾಗಿ ಹಾಡುತ್ತಿದ್ದವಳು ನನಗಿಂತ ಚಿಕ್ಕವಳು, ಬಸ್ ಸ್ಟ್ಯಾಂಡ್ ಎದುರಿನ ಟೈಲರ್ ಒಬ್ಬರ ಮಗಳು. ನಮ್ಮ ಜಿಗಿಜಿಗಿ ಡ್ರೆಸ್ಸುಗಳನ್ನು ಹೊಲಿದುಕೊಟ್ಟವರೂ ಅವರೇ. ಅವಳನ್ನು ನಾನು ಯಾವತ್ತೂ ಸ್ವಂತ ಹೆಸರಿನಿಂದ ಅನೌನ್ಸ್ ಮಾಡಿದವಳಲ್ಲ. ಯಾವ ದೊಡ್ಡ ಗಾಯಕಿಯ ಹಾಡೋ ಆ ಗಾಯಕಿಯ ಹೆಸರಿನ ಹಿಂದೆ ‘ಜೂನಿಯರ್’ ಎಂದು ಸೇರಿಸಿ ಕರೆಯಬೇಕೆಂದು ಸಾಹುಕಾರನ ಆಜ್ಞೆ. ಒಂದೇ ಸಂಜೆಯಲ್ಲಿ ಅವಳು ನಾಲ್ಕಾರು ಜನರ ಜೂನಿಯರ್ ಆಗುತ್ತಿದ್ದಳು. ಅವಳಿಗೆ ಅದರ ಬಗ್ಗೆ ಚಿಂತೆ ಇರಲಿಲ್ಲ. ಚಿಂತೆಯೆಲ್ಲ ಸ್ವರದ್ದು. ಹೊಸದುರ್ಗದ ಒಂದು ಆರತಕ್ಷತೆಯಲ್ಲಿ ಚರಣದ ನಡುವೆ ಹಾಡು ನಿಲ್ಲಿಸಿ, ಕೀಬೋರ್ಡ್ ಮೇಷ್ಟ್ರ ಕಡೆ ತಿರುಗಿ, ಆ ಮನೆಯಲ್ಲ ಸಾರ್ ಈ ಮನೆ ಎಂದು ಕೀಬೋರ್ಡಿನ ಕರಿ ಬಿಳಿ ಪಟ್ಟಿಗಳಿಗೆ ಬೆರಳು ತೋರಿಸಿದ್ದಳು. ಮದುಮಗಳ ಅಪ್ಪ ಗಾಬರಿಯಾಗಿ ಕುಡಿಯಲು ನೀರು ಕಳಿಸಿದರು. ಹಾಡು ಬಿಟ್ಟರೆ ಉಳಿದದ್ದರಲ್ಲಿ ಅವಳು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಹುಡುಗಿ. ಅವಳ ಪರವಾಗಿ ಮಾತಾಡುವುದೂ ನನ್ನ ಕೆಲಸವೇ ಆಗಿತ್ತು.

ಕೆಲವು ವರ್ಷಗಳಾದ ಮೇಲೆ ಸಾಹುಕಾರನಿಗೆ ಜ್ಞಾನೋದಯವಾಯಿತು. ಕ್ಯಾಸೆಟ್ ಹಾಕಿ ಅದಕ್ಕೆ ಕುಣಿಯುವವರನ್ನು ಕರೆತಂದರೆ ಸಾಕು, ಹಾಡುವವರ ಊಟ, ಟೆಂಪೋ, ಗಂಟಲು ನೋವು ಯಾವುದರ ತಂಟೆಯೂ ಇಲ್ಲ. ನಮ್ಮ ಬಟ್ಟೆಯ ಬ್ಯಾನರು ಅವನ ಗೋಡೌನಿನಲ್ಲಿ ಜಮಖಾನ ಸುತ್ತಲು ಹೋಯಿತು. ಉಳಿದ ಇಬ್ಬರು ಮದುವೆಯಾಗಿ ದೂರ ಹೋದರು. ನಾನು ಹಿರಿಯೂರಿಗೆ ಬಂದು, ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರಕ್ಕೆ ಬುಟ್ಟಿ ಹೊತ್ತೆ. ಹಳೇ ಸೀರೆಯ ಬಗ್ಗೆ ಹೆಂಗಸರಿಗೆ ಇರುವ ಅಭಿಮಾನವನ್ನು ಒಂದು ಒಗ್ಗರಣೆ ಸೌಟಿನ ತೂಕಕ್ಕೆ ಇಳಿಸುವುದು ಸಣ್ಣ ಕೆಲಸವಲ್ಲ. ಈಗ ಮುಖ್ಯ ರಸ್ತೆಯಲ್ಲಿ ನನ್ನದೇ ಪಾತ್ರೆ ಅಂಗಡಿ ಇದೆ. ಸ್ಟೇಜಿನ ಮೇಲೆ ಕಲಿತ ನಗುವನ್ನು ನಾನು ಅಂಗಡಿಯಲ್ಲಿ ಬಳಸುತ್ತೇನೆ, ಒಂದೂ ವ್ಯರ್ಥವಾಗಿಲ್ಲ.

ತೊಂದರೆಯಾದದ್ದು ಟೈಲರ್ ಮಗಳಿಗೆ. ನೋಡಲು ಬಂದ ಗಂಡುಗಳೆಲ್ಲ ಕಾಫಿ ಕುಡಿದು, ಸ್ಟೇಜ್ ಹತ್ತಿದ ಹುಡುಗಿ ಎಂದು ಯಾರಿಂದಲೋ ತಿಳಿದು, ತಿರುಗಿ ಬರಲಿಲ್ಲ. ಅವರಲ್ಲಿ ಒಬ್ಬನನ್ನು ನಾನು ಚೆನ್ನಾಗಿ ಬಲ್ಲೆ; ಗಣಪತಿ ಪೆಂಡಾಲಿನಲ್ಲಿ ಮುಂದಿನ ಸಾಲಿಗೆ ಬಂದು ಕೂತು, ಅದೇ ಹಾಡು ಇನ್ನೊಂದು ಸಲ ಎಂದು ಶಿಳ್ಳೆ ಹೊಡೆದವನು. ಶಿಳ್ಳೆ ಹೊಡೆದವನ ಮಾನ ಊರಿನಲ್ಲಿ ಹಾಗೇ ಇತ್ತು, ಶಿಳ್ಳೆ ಹೊಡೆಸಿಕೊಂಡವಳದು ಹೋಗಿತ್ತು. ಅವಳ ಬೆನ್ನಿಗೆ ತಂಗಿ ಇದ್ದಳು. ಅಪ್ಪನಿಗೆ ಸೂಜಿಗೆ ದಾರ ಪೋಣಿಸಲು ಕಣ್ಣು ಕೈಕೊಡುತ್ತಿತ್ತು.

ಆಗ ಹೊಳಲ್ಕೆರೆಯಿಂದ ಒಂದು ಸಂಬಂಧ ಬಂತು. ಗಂಡು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ತಂದೆ ಇಲ್ಲ, ತಾಯಿಯದೇ ಯಜಮಾನಿಕೆ. ಆಕೆ ಬೀದಿಯ ಹೆಂಗಸರನ್ನೆಲ್ಲ ಸೇರಿಸಿಕೊಂಡು ಶನಿವಾರ ಭಜನೆ ನಡೆಸುವವರು. ಮದುವೆ ದಲ್ಲಾಳಿ ಎಲೆಅಡಿಕೆ ಹಾಕಿಕೊಂಡು, ಆಯಮ್ಮ ಬೇರೇನೂ ಕೇಳಾದಿಲ್ಲ, ಸ್ಟೇಜು ಗೀಜು ಹತ್ತಿರಬಾರದು ಅಂತಾರೆ, ಅದೊಂದೇ ಎಂದ. ನನ್ನ ಗೆಳತಿ ಗಂಡಿನ ಫೋಟೋವನ್ನು ಎರಡು ಸಲ ತೆಗೆದು ನೋಡಿದ್ದನ್ನು ನಾನು ನೋಡಿದೆ. ಕೊನೆಗೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

“ಈ ಮನೆ ಆಗ್ಲಿ ಅಕ್ಕಾ. ನೀನೇ ಏನಾರ ಮಾಡು.”

ಹೆಣ್ಣು ನೋಡಲು ಬಂದವರು ಹುಡುಗಿಯಿಂದ ಒಂದು ಹಾಡು ಹೇಳಿಸುವುದು ಆಗ ಇನ್ನೂ ಇತ್ತು. ಭಜನೆ ನಡೆಸುವ ಅತ್ತೆ ಬಿಡುವ ಮಾತೇ ಇಲ್ಲ. ಟೈಲರಪ್ಪ ಹಾಡೇ ಬರುವುದಿಲ್ಲ ಎಂದುಬಿಡೋಣ ಎಂದರು. ನಾನು ಬೇಡ ಎಂದೆ. ಹಾಡು ಬರುವುದಿಲ್ಲ ಎಂದರೆ ಮನೆಯಲ್ಲಿ ದೇವರು ದಿಂಡರು ಇಲ್ಲ ಎಂದುಕೊಳ್ಳುತ್ತಾರೆ. ಚೆನ್ನಾಗಿ ಹಾಡಿದರೆ ಎಲ್ಲಿ ಕಲಿತಳು ಎಂದು ಕೇಳುತ್ತಾರೆ. ಕೆಟ್ಟದಾಗಿ ಹಾಡಿದರೆ ಮಾತ್ರ ಅದಕ್ಕೆ ಸಂಸ್ಕಾರ ಎಂದು ಹೆಸರು. ಒಳ್ಳೆಯ ಮನೆತನದ ಹುಡುಗಿಯರು ಹೇಗೆ ಹಾಡುತ್ತಾರೆ ಎಂಬುದನ್ನು ನಾನು ಬೇಕಾದಷ್ಟು ಮನೆಗಳಲ್ಲಿ ಕೇಳಿದ್ದೆ. ಬುಟ್ಟಿ ಹೊತ್ತು ತಿರುಗುವವಳಿಗೆ ಕಿಟಕಿಯಿಂದ ಎಲ್ಲವೂ ಕೇಳಿಸುತ್ತದೆ. ಅವರು ನೆಲಕ್ಕೆ ಹಾಡುತ್ತಾರೆ, ಸಾಲಿನ ಕೊನೆಯಲ್ಲಿ ಎಂಜಲು ನುಂಗುತ್ತಾರೆ, ಎರಡನೇ ಚರಣ ಮರೆತು ಅಮ್ಮನ ಮುಖ ನೋಡುತ್ತಾರೆ.

ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಭ್ಯಾಸ ಶುರುವಾಯಿತು. ಊರಿಗೆಲ್ಲ ಗೊತ್ತಿರುವ ಒಂದು ದೇವರ ನಾಮ ಆರಿಸಿದೆವು. ನೆಲ ನೋಡಲು ಕಲಿತಳು, ಎಂಜಲು ನುಂಗಲು ಕಲಿತಳು, ಸ್ವರ ತಪ್ಪಲು ಮಾತ್ರ ಆಗಲಿಲ್ಲ. ತಪ್ಪಬೇಕು ಎಂದು ಹೊರಟರೂ ಗಂಟಲು ತಾನೇ ತಿರುಗಿಕೊಂಡು ಸರಿಯಾದ ಜಾಗಕ್ಕೆ ಹೋಗಿ ಕೂರುತ್ತಿತ್ತು. ಕೊನೆಗೆ ನಮ್ಮ ಕೀಬೋರ್ಡ್ ಮೇಷ್ಟ್ರನ್ನೇ ಕರೆಸಿದೆ. ಅವರು ತಲೆ ಚಚ್ಚಿಕೊಂಡು, ಇಲ್ಲಿ ಒಂದು ಮನೆ ಇಳಿ, ಇಲ್ಲಿ ಅರ್ಧ ಮನೆ ಹತ್ತು, ಚರಣ ಮುಗಿಯುವಾಗ ಇಳಿಯಬೇಕಾದ ಕಡೆ ಇಳಿಯದೆ ಹಾಗೇ ನೇತಾಡು ಎಂದು ಒಂದೊಂದು ತಪ್ಪನ್ನೂ ಕೂರಿಸಿ ಹೇಳಿಕೊಟ್ಟರು. ಅವಳು ಅದನ್ನು ಹೊಸ ಹಾಡಿನ ಹಾಗೆ ಕಲಿತಳು. ಸಂಜೆಯ ಹೊತ್ತಿಗೆ ಎಷ್ಟು ಸಲ ಹಾಡಿಸಿದರೂ ಅದೇ ತಪ್ಪು, ಅದೇ ಜಾಗದಲ್ಲಿ, ಅಷ್ಟೇ ಅಳತೆಯಲ್ಲಿ. ಮೇಷ್ಟ್ರು ಕೀಬೋರ್ಡ್ ಮುಚ್ಚಿ, ಇಷ್ಟು ಶುದ್ಧವಾದ ಅಪಸ್ವರ ನನ್ನ ಜೀವಮಾನದಲ್ಲಿ ಕೇಳಿಲ್ಲ ಎಂದರು. ಇನ್ನೊಂದು ಚಹಾ ಕುಡಿದು ಹೋದರು.

ಹೆಣ್ಣು ನೋಡುವ ದಿನ ನಾನು ಚಿಕ್ಕಮ್ಮನ ಮಗಳೆಂದು ಹೇಳಿಕೊಂಡು ಉಪ್ಪಿಟ್ಟು ಬಡಿಸುತ್ತಿದ್ದೆ. ಗಂಡಿನ ತಾಯಿ ಎತ್ತರದ ಹೆಂಗಸು, ಬೆನ್ನು ನೆಟ್ಟಗೆ, ಹಣೆಯ ತುಂಬ ಕುಂಕುಮ. ತಟ್ಟೆ ಮುಟ್ಟುವ ಮೊದಲೇ ಒಂದು ದೇವರ ನಾಮ ಹೇಳವ್ವ ಎಂದರು. ಗೆಳತಿ ನೆಲ ನೋಡಿಕೊಂಡು ಶುರು ಮಾಡಿದಳು. ಮೊದಲ ತಪ್ಪಿಗೆ ಆ ತಾಯಿಯ ಹುಬ್ಬು ಮೇಲೆ ಹೋಯಿತು, ಚರಣದ ಕೊನೆಗೆ ಕಣ್ಣೇ ಮುಚ್ಚಿಕೊಂಡರು. ಡ್ರಿಲ್ ಮೇಷ್ಟ್ರು ಮಾತ್ರ ತಾಳಕ್ಕೆ ಸಂಬಂಧವಿಲ್ಲದ ಹಾಗೆ ಸಂತೋಷವಾಗಿ ತಲೆ ತೂಗುತ್ತಿದ್ದರು.

“ಗಂಟ್ಲು ಅಷ್ಟಕ್ಕಷ್ಟೇ,” ಎಂದರು ಆ ತಾಯಿ. “ಇರ್ಲಿ ಬಿಡು. ಭಯ ಭಕ್ತಿ ಐತೆ.”

ಮದುವೆ ಆಯಿತು. ಟೈಲರಪ್ಪ ನನಗೆ ಒಂದು ರವಿಕೆ ಪುಕ್ಕಟೆ ಹೊಲಿದುಕೊಟ್ಟರು, ತೋಳು ಬಿಗಿಯಾಗಿತ್ತು.

ಇಲ್ಲಿಗೆ ಕತೆ ಮುಗಿಯಿತು ಎಂದು ನಾನು ತಿಳಿದಿದ್ದೆ. ಸರಕು ದಾಟಿಸಿದ ಮೇಲೆ ಅಂಗಡಿಯವಳಿಗೆ ಇನ್ನೇನು ಕೆಲಸ? ಆದರೆ ಹೊಳಲ್ಕೆರೆಯಲ್ಲಿ ಅವಳಿಗೆ ಕೆಲಸ ಈಗಷ್ಟೇ ಶುರುವಾಗಿತ್ತು. ಹೊಸ ಸೊಸೆ ಶನಿವಾರ ಭಜನೆಗೆ ಕೂರಲೇಬೇಕು, ಕೂತ ಮೇಲೆ ಹಾಡಲೇಬೇಕು, ಹಾಡಿದರೆ ಕೆಟ್ಟದಾಗಿಯೇ ಹಾಡಬೇಕು. ಇದ್ದಕ್ಕಿದ್ದ ಹಾಗೆ ಒಳ್ಳೆಯ ದನಿ ಬಂದರೆ ಅತ್ತೆ ಅದು ಎಲ್ಲಿಂದ ಬಂತು ಎಂದು ಕೇಳದೆ ಇರುವವರಲ್ಲ. ಮದುವೆ ಛತ್ರಗಳಿಗೆ ಪಾತ್ರೆ ಹಾಕಲು ನಾನು ಆಗಾಗ ಹೊಳಲ್ಕೆರೆಗೆ ಹೋಗುತ್ತಿದ್ದೆ. ಹೋದಾಗಲೆಲ್ಲ ಅವಳನ್ನು ನೋಡಿ ಬರುತ್ತಿದ್ದೆ. ಒಂದು ಸಲ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತ ಹೇಳಿದಳು:

“ಕೆಟ್ಟದಾಗಿ ಹಾಡಾದು ಕಷ್ಟ ಅಕ್ಕಾ. ಸ್ವಲ್ಪ ಮೈಮರೆತ್ರೆ ಸರಿಯಾಗಿ ಬಂದ್ಬಿಡ್ತದೆ.”

ದೇವರ ಮುಂದೆ ಕಣ್ಣು ಮುಚ್ಚಿ ಕೂತ ಬೀದಿಯ ಹೆಂಗಸರೆಲ್ಲ ಮೈಮರೆಯುತ್ತಿದ್ದರು. ಮೈಮೇಲೆ ಎಚ್ಚರ ಇಟ್ಟುಕೊಂಡು ಕೂರುತ್ತಿದ್ದವಳು ಇವಳೊಬ್ಬಳೇ. ನಾನು ಅವಳಿಗೆ ಧೈರ್ಯ ಹೇಳಿದೆ, ಹೇಗೂ ಒಂದು ಕಸುಬು ಕೈಯಲ್ಲಿದೆ, ನಡೆಸಿಕೊಂಡು ಹೋಗು ಎಂದೆ. ಅವಳ ಸಂಸಾರ ಚೆನ್ನಾಗಿಯೇ ಇತ್ತು. ಗಂಡ ಒಳ್ಳೆಯವರು, ಬೆಳಗ್ಗೆ ಮೈದಾನದಲ್ಲಿ ಸೀಟಿ ಊದಿ ಬಂದು ಸಂಜೆ ತರಕಾರಿ ತರುವವರು. ಅತ್ತೆ ಗಟ್ಟಿ ಮಾತಿನವರಾದರೂ ಸೊಸೆಗೆ ಹೊಟ್ಟೆಗೆ ಕಡಿಮೆ ಮಾಡಿದವರಲ್ಲ. ಭಜನೆಯಲ್ಲಿ ಮಾತ್ರ ಅವಳನ್ನು ಬಾಗಿಲ ಪಕ್ಕ ಕೂರಿಸುತ್ತಿದ್ದರು, ಸ್ವಲ್ಪ ದನಿಯಾದರೂ ಹೊರಗೆ ಹೋಗಲಿ ಎಂದು.

ಮಗಳು ಹುಟ್ಟಿದಳು. ಜೋಗುಳವನ್ನಾದರೂ ಸರಿಯಾಗಿ ಹಾಡಬಹುದಿತ್ತು, ಆದರೆ ತೆಳ್ಳನೆಯ ಗೋಡೆಯ ಆ ಕಡೆಗೇ ಅತ್ತೆಯ ಮಂಚ. ಹಾಗಾಗಿ ಆ ದೇವರ ನಾಮವನ್ನೇ, ಕೀಬೋರ್ಡ್ ಮೇಷ್ಟ್ರು ಹೇಳಿಕೊಟ್ಟ ತಪ್ಪುಗಳ ಸಮೇತ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹಾಡಿದಳು. ಉಳಿದ ಹಾಡುಗಳಿಗೂ ಅದೇ ಅಳತೆಯಲ್ಲಿ ತಾನೇ ತಪ್ಪು ಕೂರಿಸಿಕೊಂಡಿದ್ದಳು. ಮಗು ನಿದ್ದೆ ಮಾಡಿತು. ಮಕ್ಕಳು ನಿದ್ದೆ ಮಾಡಿದರೆ ಕೇಳಿಸಿಕೊಳ್ಳುತ್ತಿಲ್ಲ ಎಂದು ನಾವು ತಿಳಿಯುತ್ತೇವೆ.

ಆ ಮಗಳು ಅಮ್ಮನ ಗಂಟಲನ್ನೇ ಪಡೆದುಕೊಂಡಿದ್ದಳು. ಗುಂಡಗಿನ, ಗಟ್ಟಿಯಾದ, ಬೀದಿಯ ಕೊನೆಗೆ ಕೇಳುವ ದನಿ. ಐದನೇ ಕ್ಲಾಸಿಗೆ ಬರುವ ಹೊತ್ತಿಗೆ ಅವಳಿಗೆ ಹಾಡು ಬಿಟ್ಟರೆ ಬೇರೆ ಏನೂ ಬೇಡ. ಎರಡು ಸಾವಿರ ಇಸವಿ ದಾಟಿ ನಾಲ್ಕಾರು ವರ್ಷ ಆಗಿತ್ತು, ಟೀವಿಯಲ್ಲಿ ಮಕ್ಕಳ ಹಾಡಿನ ಸ್ಪರ್ಧೆಗಳು ಶುರುವಾಗಿ, ಎಲ್ಲರ ಮನೆಯ ಮಗುವೂ ಗಾಯಕಿಯೇ ಆಗಿತ್ತು. ಚಿತ್ರದುರ್ಗದಲ್ಲಿ ಶಾಲಾ ಮಕ್ಕಳಿಗೆ ಭಕ್ತಿಗೀತೆ ಸ್ಪರ್ಧೆ ಇದೆ ಎಂದು ಗೊತ್ತಾಗಿ ಹುಡುಗಿ ತಾನೇ ಹೋಗಿ ಹೆಸರು ಕೊಟ್ಟು ಬಂದಳು. ಆರಿಸಿಕೊಂಡದ್ದು ಅದೇ ದೇವರ ನಾಮ.

ಶಾಲೆಯ ಹಾಡಿನ ಟೀಚರ್ ಒಂದು ಚರಣ ಕೇಳಿ ನಿಲ್ಲಿಸಿದರಂತೆ. ದನಿ ಇಷ್ಟು ಚೆನ್ನಾಗಿದೆ, ಸ್ವರ ಎಲ್ಲ ತಪ್ಪು ಎಂದರಂತೆ. ಹುಡುಗಿ, ನಾನು ತಪ್ಪಿಲ್ಲ, ನಮ್ಮಮ್ಮ ಹಾಡೋದು ಹೀಗೇ ಎಂದು ವಾದ ಮಾಡಿದಳಂತೆ. ಇನ್ನೊಂದು ಸಲ ಹಾಡಿಸಿದರೆ ಅದೇ ಜಾಗದಲ್ಲಿ ಅದೇ ತಪ್ಪು. ಆಕಸ್ಮಿಕವಾಗಿ ತಪ್ಪುವ ಮಕ್ಕಳನ್ನು ತಿದ್ದಬಹುದು, ಇವಳು ನಿಯತ್ತಾಗಿ ತಪ್ಪುತ್ತಾಳೆ ಎಂದು ಟೀಚರ್ ಕೈ ಚೆಲ್ಲಿದರು. ಸರಿಯಾಗದಿದ್ದರೆ ಹೆಸರು ತೆಗೆದುಹಾಕುತ್ತೇನೆ ಎಂದೂ ಹೇಳಿ ಕಳಿಸಿದರು.

ಗೆಳತಿ ನನ್ನ ಅಂಗಡಿಗೆ ಫೋನ್ ಮಾಡಿದಳು. ನಾನು ಮಾರನೇ ದಿನವೇ ಹೊಳಲ್ಕೆರೆ ಬಸ್ ಹತ್ತಿದೆ. ದಾರಿಯುದ್ದಕ್ಕೂ ಉಪಾಯ ಹೂಡಿಕೊಂಡು ಹೋಗಿದ್ದೆ. ಕ್ಯಾಸೆಟ್ ಅಂಗಡಿಯಿಂದ ಆ ದೇವರ ನಾಮವನ್ನು ಹೆಸರಾಂತ ಗಾಯಕಿಯೊಬ್ಬರು ಹಾಡಿದ್ದನ್ನೇ ತಂದಿದ್ದೆ. ಮಗು ಕ್ಯಾಸೆಟ್ ಕೇಳಿ ಕಲಿಯಲಿ, ಅಮ್ಮ ಬಾಯಿ ಬಿಡುವ ಅಗತ್ಯವೇ ಇಲ್ಲ, ಗುಟ್ಟು ಗುಟ್ಟಾಗಿಯೇ ಇರುತ್ತದೆ. ಹುಡುಗಿಯನ್ನು ಟೇಪ್ ರೆಕಾರ್ಡರ್ ಮುಂದೆ ಕೂರಿಸಿದೆವು. ಶ್ರದ್ಧೆಯಿಂದ ಕೇಳಿದಳು. ಮುಗಿದ ಮೇಲೆ ಆ ಗಾಯಕಿಯ ಮೇಲೆ ಕನಿಕರ ಪಟ್ಟವಳ ಹಾಗೆ ನನ್ನ ಕಡೆ ನೋಡಿದಳು.

“ಇವ್ರು ತಪ್ಪು ಹಾಡ್ಯಾರೆ ದೊಡ್ಡಮ್ಮ. ನಮ್ಮಮ್ಮಂದೇ ಸರಿ.”

ದೇಶವೆಲ್ಲ ಕೊಂಡಾಡಿದ ಗಾಯಕಿಯ ಕತೆ ಆ ಮನೆಯಲ್ಲಿ ಅಲ್ಲಿಗೆ ಮುಗಿಯಿತು. ನಾನು ಚಾಕಲೇಟ್ ಆಸೆ ತೋರಿಸಿದೆ, ಹೊಸ ಟಿಫಿನ್ ಡಬ್ಬಿ ಕೊಡುತ್ತೇನೆ ಎಂದೆ. ಮಗು ಒಪ್ಪಲಿಲ್ಲ. ಡಬ್ಬಿಗೆ ಒಪ್ಪದ ಗಿರಾಕಿಯನ್ನು ನಾನು ಅವತ್ತೇ ನೋಡಿದ್ದು. ಗೆಳತಿ ಬಾಗಿಲಿಗೆ ಒರಗಿ ನಿಂತು ಮಗಳನ್ನೇ ನೋಡುತ್ತಿದ್ದಳು. ಅವಳು ಬಾಯಿ ಬಿಟ್ಟು ಸರಿಯಾಗಿ ಹಾಡಿ ತೋರಿಸಿದರೆ ಮಾತ್ರ ಮಗು ನಂಬುತ್ತದೆ ಎಂಬುದು ಅಷ್ಟೊತ್ತಿಗೆ ಇಬ್ಬರಿಗೂ ಗೊತ್ತಾಗಿತ್ತು. ಬಾಯಿ ಬಿಟ್ಟರೆ ಇಷ್ಟು ವರ್ಷ ಆ ಮನೆಯಲ್ಲಿ ಉಳಿಸಿಕೊಂಡ ಜಾಗ ಏನಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ನಾನು ಬೇಡ ಎಂದೆ. ಮಗು ಇನ್ನೂ ಚಿಕ್ಕದು, ಚಿತ್ರಕಲೆಗೆ ಸೇರಿಸು, ಅದರಲ್ಲಿ ಸದ್ದಿಲ್ಲ ಎಂದು ಸಲಹೆ ಕೊಟ್ಟೆ. ಈಗಲೂ ಕೇಳಿದರೆ ಅದನ್ನೇ ಹೇಳುತ್ತೇನೆ. ಸಿಕ್ಕಿರುವ ಮನೆ ಭದ್ರ ಮಾಡಿಕೊಳ್ಳುವುದು ಮೊದಲು, ಸ್ವರ ಆಮೇಲೆ.

ಅವತ್ತು ಶನಿವಾರ. ಸಂಜೆ ಹೆಂಗಸರು ಬಂದು ನಡುಮನೆಯ ಚಾಪೆಯ ಮೇಲೆ ಕೂತರು. ಅತ್ತೆ ತಾಳ ಹಿಡಿದು ದೇವರ ಮುಂದೆ ಕೂತರು. ಒಂದೆರಡು ಹಾಡು ಆದ ಮೇಲೆ ಹುಡುಗಿ ಎದ್ದು ನಿಂತು, ಸ್ಪರ್ಧೆಗೆ ಹಾಡುವ ಹಾಡನ್ನು ಎಲ್ಲರ ಮುಂದೆ ಹಾಡುತ್ತೇನೆ ಎಂದಳು. ಯಾರೂ ತಡೆಯುವ ಮೊದಲೇ ಶುರು ಮಾಡಿಬಿಟ್ಟಳು. ಅಮ್ಮನ ಒಂದೊಂದು ತಪ್ಪೂ, ಅಮ್ಮನಿಗಿಂತ ದೊಡ್ಡ ದನಿಯಲ್ಲಿ ಬಂತು. ಒಬ್ಬಾಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಇನ್ನೊಬ್ಬಾಕೆ ಮಗುವಿಗೆ ಚಪ್ಪಾಳೆ ತಟ್ಟಲು ಕೈ ಎತ್ತಿ, ಎಲ್ಲಿ ತಟ್ಟಬೇಕೋ ತಿಳಿಯದೆ ಕೈ ಇಳಿಸಿದರು. ಅತ್ತೆ ತಾಳ ನಿಲ್ಲಿಸಿ ಮೊಮ್ಮಗಳನ್ನು ಹತ್ತಿರ ಕರೆದರು. ಬೈಯಲು ಕರೆದದ್ದಲ್ಲ, ನಿಜವಾಗಿ ಮರುಕದಿಂದ ಕರೆದದ್ದು.

“ಸಾಕು ಬಿಡವ್ವ. ನಿಮ್ಮಮ್ಮನ ಗಂಟ್ಲೇ ನಿಂಗೂ ಬಂದೈತೆ, ನೀನೇನ್ ಮಾಡ್ತೀಯ. ನಾಳೆ ಹೋಗಿ ಹೆಸ್ರು ತೆಗ್ಸು. ಕೋಲಾಟಕ್ಕೆ ಸೇರ್ಕ.”

ಹುಡುಗಿ ಅಳಲಿಲ್ಲ. ಅಮ್ಮನ ಕಡೆ ತಿರುಗಿ, ನಾನು ತಪ್ಪಾ ಎಂದು ಕೇಳಿದಳು. ಅಷ್ಟೇ ಕೇಳಿದ್ದು.

ನಾನು ಗೆಳತಿಗೆ ಕಣ್ಣಿನಲ್ಲೇ ಬೇಡ ಎಂದೆ. ಅವಳು ನನ್ನ ಕಡೆ ನೋಡಲಿಲ್ಲ. ಬಾಗಿಲ ಪಕ್ಕದ ತನ್ನ ಜಾಗದಿಂದ ಏಳದೆ, ಸೆರಗನ್ನೂ ಸರಿಮಾಡಿಕೊಳ್ಳದೆ, ಪಲ್ಲವಿ ಎತ್ತಿಕೊಂಡಳು.

ಇಷ್ಟು ವರ್ಷದ ಮೇಲೆ ದನಿಯಲ್ಲಿ ಸ್ವಲ್ಪ ತುಕ್ಕು ಇತ್ತು. ಮೊದಲ ಸಾಲಿನಲ್ಲಿ ಗಂಟಲು ಅನುಮಾನಿಸಿತು, ಎರಡನೆಯದರಲ್ಲಿ ದಾರಿ ಹಿಡಿಯಿತು. ಕೀಬೋರ್ಡ್ ಮೇಷ್ಟ್ರು ಇಳಿಸಿದ ಮನೆಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದವು. ಚರಣದ ಕೊನೆಯಲ್ಲಿ ನೇತಾಡದೆ ಇಳಿದಳು. ಮಗಳು ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ಅವಳ ತುಟಿ ಮೊದಲು ಹಳೆಯ ದಾರಿಯಲ್ಲಿ ಅಲುಗಾಡಿ, ನಿಂತು, ಮತ್ತೆ ಅಮ್ಮನ ಜೊತೆ ಅಲುಗಾಡತೊಡಗಿದ್ದನ್ನು ನಾನು ನೋಡಿದೆ. ಬೀದಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಮಾತ್ರ ಬಸ್ಸಿನ ಹೊತ್ತು ಲೆಕ್ಕ ಹಾಕುತ್ತಿದ್ದೆ.

ಹಾಡು ಮುಗಿದ ಮೇಲೆ ಅತ್ತೆ, ಎಲ್ಲಿ ಕಲಿತೆ ಎಂದರು. ನಾನು ಬಾಯಿ ಹಾಕಿ, ರೇಡಿಯೋ ಕೇಳಿ ಕೇಳಿ ಎಂದೆ. ಗೆಳತಿ ಅದೇ ದನಿಯಲ್ಲಿ, ಆರ್ಕೆಸ್ಟ್ರಾದಲ್ಲಿ, ಮದುವೆಗೆ ಮುಂಚೆ ಹೊಳಲ್ಕೆರೆ ಗಣಪತಿ ಪೆಂಡಾಲಿನಲ್ಲೂ ಹಾಡಿದ್ದೇನೆ, ಹೆಣ್ಣು ನೋಡಲು ಬಂದ ದಿನ ಬೇಕೆಂದೇ ಕೆಟ್ಟದಾಗಿ ಹಾಡಿದೆ ಎಂದು ಪೂರ್ತಿ ಹೇಳಿಬಿಟ್ಟಳು. ಸತ್ಯ ಹೇಳುವಾಗ ಒಂದು ಭಾಗ ಕೈಯಲ್ಲಿ ಇಟ್ಟುಕೊಳ್ಳಬೇಕು ಎಂದು ನಾನು ಅವಳಿಗೆ ಎಷ್ಟು ಸಲ ಹೇಳಿದ್ದೆ.

“ಗೊತ್ತಿದ್ರೆ ನಿನ್ನ ಸೊಸೆ ಮಾಡ್ಕಣ್ತಿರ್ಲಿಲ್ಲ,” ಎಂದರು ಅತ್ತೆ. “ಈಗ್ಲೂ ಅದೇ ಅಂತೀನಿ. ಆದ್ರೆ ಈಗ ಏನ್ ಮಾಡಾಕಾಗ್ತದೆ, ಮೊಮ್ಮಗಳು ಎದುರಿಗೆ ನಿಂತೈತೆ.”

ನನಗೆ ಜೀವ ಬಂತು. ಆದರೆ ಅವರ ಮಾತು ಮುಗಿದಿರಲಿಲ್ಲ. ಸ್ಟೇಜು ಹತ್ತಿದ್ದನ್ನು ಅವರು ಅರ್ಧ ನಿಮಿಷದಲ್ಲಿ ನುಂಗಿಕೊಂಡರು, ನುಂಗಲಾಗದ್ದು ಇನ್ನೊಂದು. ದೇವರ ಎದುರು, ದೀಪ ಹಚ್ಚಿಟ್ಟು, ಪ್ರತಿ ಶನಿವಾರ, ಒಳ್ಳೆಯ ಗಂಟಲು ಇಟ್ಟುಕೊಂಡು ಬೇಕೆಂದೇ ಅಪಸ್ವರ ಅರ್ಪಿಸಿದ್ದಾಳೆ ಈ ಸೊಸೆ. ಬಾಡಿದ ಹೂವು ಆರಿಸಿ ತಂದು ಏರಿಸಿದ ಹಾಗಲ್ಲವೇ ಎಂದು ಕೇಳಿದರು. ಬೀದಿಯ ಹೆಂಗಸರು ಹೌದು ಎಂದು ತಲೆಯಾಡಿಸಿದರು. ಅವರ ಕಿವಿಗಳಿಗೂ ಒಂದು ನ್ಯಾಯ ಬೇಕಾಗಿತ್ತು. ತಪ್ಪುಕಾಣಿಕೆ ಆಗಲೇಬೇಕು, ಹಾಡಿದಷ್ಟು ವರ್ಷ ಶನಿವಾರ ಒಪ್ಪತ್ತು ಇರಬೇಕು ಎಂದು ಅತ್ತೆ ತೀರ್ಪು ಕೊಟ್ಟರು.

ಇದು ನನ್ನ ವ್ಯವಹಾರ. ನಾನು ಚಾಪೆಯ ಮುಂದಕ್ಕೆ ಸರಿದು ಕೂತೆ. ವರ್ಷ ಎನ್ನುವುದನ್ನು ತಿಂಗಳಿಗೆ ಇಳಿಸಿದೆ. ಒಪ್ಪತ್ತಿನಲ್ಲಿ ಉಪ್ಪಿಟ್ಟು ನಡೆಯುತ್ತದೋ ಇಲ್ಲವೋ ಎಂಬ ಚರ್ಚೆ ತೆಗೆದು, ಬೀದಿಯ ಹೆಂಗಸರಲ್ಲೇ ಎರಡು ಪಂಗಡ ಮಾಡಿ, ಉಪ್ಪಿಟ್ಟಿಗೆ ಅನುಮತಿ ಪಡೆದೆ. ಬಸರಿ, ಬಾಣಂತಿ ಇದ್ದ ತಿಂಗಳುಗಳ ಅಪಸ್ವರಕ್ಕೆ ಪೂರ್ತಿ ರಿಯಾಯಿತಿ ಕೇಳುತ್ತಿದ್ದೆ. ಅತ್ತೆ ಅರ್ಧ ಬಾಗಿದ್ದರು. ಆಗ ಗೆಳತಿ ಹಿಂದಿನಿಂದ ಹೇಳಿದಳು:

“ಅಕ್ಕಾ, ನೀನು ಸುಮ್ಕಿರು. ಒಪ್ಪತ್ತು ಇರಾದಿಲ್ಲ ನಾನು.”

ಅತ್ತೆಯ ಕಡೆ ತಿರುಗಿದಳು. ತಪ್ಪು ಹಾಡಿನಲ್ಲಿ ಆದದ್ದು, ಹಾಡಿನಲ್ಲೇ ತೀರಿಸುತ್ತೇನೆ ಎಂದಳು. ಇನ್ನು ಮೇಲೆ ಭಜನೆಯಲ್ಲಿ ಹಾಡು ಹೇಳಿಕೊಡುವವಳು ತಾನು. ಬಾಗಿಲ ಪಕ್ಕ ಕೂರುವುದಿಲ್ಲ. ಮಗಳ ಹೆಸರು ತೆಗೆಸುವುದಿಲ್ಲ.

“ಯಾರು ತಪ್ಪಿದ್ರೂ ನಿಲ್ಲಿಸ್ತೀನಿ ಅತ್ತೆ. ನೀವು ತಪ್ಪಿದ್ರೂ.”

ನಾನಾಗಿದ್ದರೆ ಆ ಕೊನೆಯ ಎರಡು ಮಾತನ್ನು ಬಿಟ್ಟುಕೊಟ್ಟು ಉಳಿದದ್ದನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಅವಳು ಏನನ್ನೂ ಬಿಟ್ಟುಕೊಡಲಿಲ್ಲ. ಅತ್ತೆ ದೇವರ ಪಟ ನೋಡಿದರು. ಪಟದಿಂದ ಏನು ಉತ್ತರ ಬಂತೋ, ಸರಿದು ತಮ್ಮ ಪಕ್ಕದಲ್ಲಿ ಚಾಪೆಯ ಮೇಲೆ ಜಾಗ ಬಿಟ್ಟರು. ಅಷ್ಟೊತ್ತಿಗೆ ಡ್ರಿಲ್ ಮೇಷ್ಟ್ರು ಕೈಚೀಲ ಹಿಡಿದು ಮನೆಗೆ ಬಂದರು. ಅಮ್ಮ ಎಲ್ಲವನ್ನೂ ವಿವರಿಸಿ, ನಿನ್ನ ಹೆಂಡತಿ ಇಷ್ಟು ವರ್ಷ ಕೆಟ್ಟದಾಗಿ ಹಾಡಿದ್ದು ನಾಟಕ, ಈಗ ಹಾಡಿದ್ದು ನಿಜ ಎಂದು ಹೇಳಿ, ಎರಡು ಸಾಲು ಹಾಡಿಸಿಯೂ ತೋರಿಸಿದರು. ಮೇಷ್ಟ್ರು ನಿಜವಾಗಿ ಯೋಚನೆ ಮಾಡಿದರು.

“ನಂಗೆ ಎರಡೂ ಒಂದೇ ಥರ ಕೇಳ್ತಾವೆ,” ಎಂದು ಹೇಳಿ ಸೊಪ್ಪು ಒಳಗೆ ಇಡಲು ಹೋದರು.

ಸ್ಪರ್ಧೆಯಲ್ಲಿ ಹುಡುಗಿಗೆ ಬಹುಮಾನ ಬರಲಿಲ್ಲ. ಪಲ್ಲವಿ, ಚರಣ ಎಲ್ಲ ಸರಿಯಾಗಿಯೇ ಹಾಡಿ, ಕೊನೆಯ ಸಾಲಿನಲ್ಲಿ ಹಳೆಯ ತಪ್ಪಿಗೆ ಜಾರಿದಳು. ಕಲಿತದ್ದನ್ನು ಮರೆಯಲು ಕಲಿಯುವುದಕ್ಕಿಂತ ಹೆಚ್ಚು ಸಮಯ ಬೇಕು. ಬಹುಮಾನ ತೆಗೆದುಕೊಂಡ ಮಗು ತೀರ್ಪುಗಾರರೊಬ್ಬರ ನೆಂಟರ ಮಗು ಎಂದು ನಾನು ವಿಚಾರಿಸಿ ತಿಳಿದುಕೊಂಡು ಬಂದು ಹೇಳಿದೆ. ಗೆಳತಿ, ಆ ಮಗು ಚೆನ್ನಾಗಿ ಹಾಡಿತು ಅಕ್ಕಾ ಎಂದಳು. ಅವಳಿಗೆ ವ್ಯವಹಾರ ಯಾವತ್ತೂ ಬರಲಿಲ್ಲ. ಮದುವೆಗಳಿಗೆ ಹಾಡಲು ನಾನೇ ಆರ್ಡರ್ ತರುತ್ತೇನೆ, ಊಟದ ಮಾತೂ ನಾನೇ ಆಡುತ್ತೇನೆ ಎಂದೆ. ಶನಿವಾರದ ಭಜನೆ ಬಿಟ್ಟು ಬೇರೆಲ್ಲೂ ಹಾಡುವುದಿಲ್ಲ ಎಂದುಬಿಟ್ಟಳು.

ಈಗ ನಾನು ಹೊಳಲ್ಕೆರೆಗೆ ಹೋದರೆ ಬೀದಿಯ ಹೆಂಗಸರು ನನ್ನನ್ನು ತಡೆದು ದೂರು ಹೇಳುತ್ತಾರೆ. ಮುಂಚೆ ಒಂದು ಸಂಜೆಗೆ ಎಷ್ಟೊಂದು ಹಾಡು ಆಗುತ್ತಿತ್ತು, ಈಗ ಒಂದೇ ಹಾಡಿಗೆ ದೀಪದ ಎಣ್ಣೆ ಮುಗಿಯುತ್ತದೆ. ಬಾಯಿ ಬಿಟ್ಟರೆ ಸಾಕು, ನಿಲ್ಲಿ ಅನ್ನುತ್ತಾಳೆ. ಅವಳು ಕೆಟ್ಟದಾಗಿ ಹಾಡುತ್ತಿದ್ದಾಗಲೇ ನೆಮ್ಮದಿ ಇತ್ತು ಎಂದು ಒಬ್ಬಾಕೆ ಬಾಯಿಬಿಟ್ಟೇ ಹೇಳಿದರು. ನೀವೇ ಸ್ವಲ್ಪ ಬುದ್ಧಿ ಹೇಳಿ ಎಂದು ಕೇಳಿಕೊಂಡರು. ಹೇಳೋಣ ಎಂದು ಒಂದು ಶನಿವಾರ ಹೋಗಿ ಬಾಗಿಲ ಪಕ್ಕ ಕೂತೆ.

ಅತ್ತೆ ಒಂದು ಸಾಲು ಎತ್ತಿಕೊಂಡರು. ವಯಸ್ಸಿಗೆ ದನಿ ಸ್ವಲ್ಪ ನಡುಗಿ, ನಡುವೆ ಒಂದು ಕಡೆ ಕೆಳಗೆ ಜಾರಿತು. ಗೆಳತಿ ಕೈ ಎತ್ತಿದಳು. ಅತ್ತೆ ತಾಳ ಕೆಳಗಿಟ್ಟು, ಕನ್ನಡಕ ಮೇಲಕ್ಕೆ ತಳ್ಳಿ, ಸೊಸೆಯನ್ನು ನೋಡಿದರು.

“ಎಲ್ಲಿ ತಪ್ತು, ತೋರ್ಸು.”

ಸೊಸೆ ತೋರಿಸಿದಳು. ಮೊಮ್ಮಗಳೂ ಜೊತೆಗೆ ಸೇರಿ ತೋರಿಸಿದಳು. ಅತ್ತೆ ಮತ್ತೆ ಹಾಡಿದರು. ಸೊಸೆ ಮತ್ತೆ ಕೈ ಎತ್ತಿದಳು.